ಅರಿವಿನ ಕೊರತೆ ಎಂಬ ನೆಪ

ಕರ್ನಾಟಕದಲ್ಲಿ ವೃದ್ಧರಿಗೆ, ವಿಧವೆಯರಿಗೆ, ವಿಕಲಚೇತನರಿಗೆ, ದಿನಗೂಲಿಯವರಿಗೆ ಸಲ್ಲಬೇಕಾದ ನೆರವು ಏಕೆ ಸಲ್ಲುತ್ತಿಲ್ಲ ಎಂಬ ಪ್ರಶ್ನೆ ಎದ್ದಾಗಲೆಲ್ಲ, ವಿಧಾನಸಭೆಯ ಚರ್ಚೆಯಿಂದ ಹಿಡಿದು ತಾಲ್ಲೂಕಿನ ಪ್ರಗತಿ ಪರಿಶೀಲನೆಯಾದ ಕೆಡಿಪಿ ಸಭೆಯವರೆಗೆ, ಪತ್ರಿಕೆಯ ಸಂಪಾದಕೀಯದಿಂದ ಹಿಡಿದು ಸಮಾಜಕಾರ್ಯ ವಿಭಾಗಗಳ ವಿಚಾರ ಸಂಕಿರಣದವರೆಗೆ, ಕೇಳಿಬರುವ ಉತ್ತರ ಒಂದೇ: ಯೋಜನೆಗಳು ಬೇಕಾದಷ್ಟಿವೆ, ಜನರಿಗೆ ಅರಿವಿಲ್ಲ. ಈ ಉತ್ತರದ ಬೆನ್ನಿಗೆ ಪರಿಹಾರವೂ ಸಿದ್ಧವಾಗಿ ಬರುತ್ತದೆ. ಅರಿವು ಶಿಬಿರ ನಡೆಸಬೇಕು, ಕೈಪಿಡಿ ಅಚ್ಚುಹಾಕಿಸಬೇಕು, ಸಹಾಯವಾಣಿ ತೆರೆಯಬೇಕು, ಎಲ್ಲ ಯೋಜನೆಗಳ ವಿವರವೂ ಒಂದೇ ಕಡೆ ಸಿಗುವಂತೆ ಜಾಲತಾಣ ರೂಪಿಸಬೇಕು. ಹೀಗೆ ಮಾಡಿದ ಮೇಲೂ ಯಾರಾದರೂ ಬಾರದಿದ್ದರೆ, ಅವರಿಗೆ ನೆರವಿನ ಅಗತ್ಯವಿಲ್ಲ ಅಥವಾ ಅವರೇ ಉದಾಸೀನರು ಎಂಬ ತೀರ್ಮಾನ ಬಾಯಿಬಿಟ್ಟು ಹೇಳದೆಯೇ ಉಳಿದುಕೊಳ್ಳುತ್ತದೆ. ಈ ಮತವನ್ನು ಇಲ್ಲಿ ಅರಿವುವಾದವೆಂದು ಕರೆಯಬಹುದು; ಅದು ತಪ್ಪು ಎಂಬುದಷ್ಟೇ ಅಲ್ಲ, ಹಸಿದವನ ಹೊಣೆಯನ್ನು ಹಸಿದವನ ತಲೆಗೇ ಕಟ್ಟುತ್ತದೆ ಎಂಬುದು ಈ ಲೇಖನದ ವಾದ.

ಖಂಡಿಸಬೇಕಾದ ಮತವನ್ನು ಮೊದಲು ಅದರ ಪೂರ್ಣ ಬಲದಲ್ಲಿ ಮಂಡಿಸುವುದು, ಅಂದರೆ ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಎತ್ತಿ ಹಿಡಿಯುವುದು, ತರ್ಕದ ಹಳೆಯ ಮರ್ಯಾದೆ. ಅರಿವುವಾದಕ್ಕೆ ಒಂದು ಗೌರವದ ಹುಟ್ಟಿದೆ. ಮಾಸಾಶನ ಯಾರಿಗೆ ಮಂಜೂರಾಯಿತು, ಆಶ್ರಯ ಮನೆ ಯಾರ ಹೆಸರಿಗೆ ಬಂತು, ಪಡಿತರ ಅಂಗಡಿಗೆ ಎಷ್ಟು ಚೀಲ ಇಳಿಯಿತು ಎಂಬುದೆಲ್ಲ ಕಚೇರಿಯ ಬೀರುವಿನೊಳಗೇ ಇದ್ದ ಕಾಲದಲ್ಲಿ, ಮಾಹಿತಿಯನ್ನು ಹೊರಗೆಳೆಯುವುದೇ ಬಡವರ ಪರವಾದ ಹೋರಾಟವಾಗಿತ್ತು. 2005ರ ಮಾಹಿತಿ ಹಕ್ಕು ಅಧಿನಿಯಮ ಆ ಹೋರಾಟದ ಫಲ, ಮತ್ತು ಅದರ 4ನೆಯ ಪ್ರಕರಣವು ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸುವ ಕರ್ತವ್ಯವನ್ನು ಪ್ರತಿ ಸಾರ್ವಜನಿಕ ಪ್ರಾಧಿಕಾರದ ಮೇಲೆ ಹೊರಿಸಿದೆ. ಮಲೆನಾಡಿನ ಒಂಟಿ ಮನೆಗಳಲ್ಲಿ, ಕಬ್ಬು ಕಡಿಯಲು ಊರೂರು ಅಲೆಯುವ ಗುಂಪುಗಳಲ್ಲಿ, ತಮಗೆ ಯಾವ ಯೋಜನೆ ಅನ್ವಯಿಸುತ್ತದೆ ಎಂದು ತಿಳಿಯದವರು ಇಂದಿಗೂ ಇದ್ದಾರೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಒಂದು ಕಾಲದಲ್ಲಿ ಆಳುವವರನ್ನು ಕಟಕಟೆಗೆ ಎಳೆದ ಮಾತೇ ಇಂದು ಅವರ ರಕ್ಷಣೆಗೆ ನಿಂತಿದೆ. ಮಾಹಿತಿ ಮುಚ್ಚಿಟ್ಟ ಆಡಳಿತದ ಮೇಲಿದ್ದ ಆರೋಪ, ಮಾಹಿತಿ ತಿಳಿಯದ ಬಡವರ ಮೇಲಿನ ಆರೋಪವಾಗಿ ತಿರುಗಿದೆ.

ಜನರಿಗೆ ಗೊತ್ತಿಲ್ಲ ಎಂಬ ಮಾತಿಗೆ ಭಾಷೆಯೇ ಎದುರು ಸಾಕ್ಷಿ ನುಡಿಯುತ್ತದೆ. ಸರ್ಕಾರಿ ಆದೇಶದಲ್ಲಿ ಸಾಮಾಜಿಕ ಭದ್ರತಾ ಪಿಂಚಣಿ ಎಂದಿರುವುದನ್ನು ಉತ್ತರ ಕರ್ನಾಟಕದ ಹಳ್ಳಿಗಳು ಪಗಾರವೆಂದೂ ದಕ್ಷಿಣದ ಹಳ್ಳಿಗಳು ಸಂಬಳವೆಂದೂ ಎಂದೋ ತಮ್ಮದಾಗಿಸಿಕೊಂಡಿವೆ. ಪಕ್ಕದ ಮನೆಯವರಿಗೆ ಪಗಾರ ಬಂದು ತನಗೆ ಬಾರದಿರುವುದು ಯಾವ ಮುದುಕಿಗೂ ತಿಳಿಯದ ಸಂಗತಿಯಲ್ಲ. ಇನ್ನೂ ಗಟ್ಟಿಯಾದ ಸಾಕ್ಷಿ ಮಾಜಿ ದೇವದಾಸಿ ಮಹಿಳೆಯರದು. ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕಾನೂನು ರಾಜ್ಯದಲ್ಲಿ 1982ರಲ್ಲಿ ಬಂತು. 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ಮಹಿಳೆಯರ ಹೆಸರು ದಾಖಲಾಯಿತು. ಮುಂದೆ ಮಾಸಾಶನ, ವಸತಿ, ಸಾಲ ಮುಂತಾದ ಪುನರ್ವಸತಿ ಸೌಲಭ್ಯಗಳಿಗೆ ಆ ಪಟ್ಟಿಯೇ ಬಾಗಿಲಾಯಿತು. ಸಮೀಕ್ಷೆಯವರು ಬಂದ ದಿನ ದುಡಿಯಲು ಮುಂಬಯಿಗೋ ಪುಣೆಗೋ ಹೋಗಿದ್ದವರು, ನಾಚಿಕೆಯಿಂದ ಹೆಸರು ಹೇಳದವರು, ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಅಂಜಿದವರು ಹೊರಗುಳಿದರು. ಹೀಗೆ ಹೊರಗುಳಿದ ಹೆಂಗಸರಿಗೆ ಯೋಜನೆಯ ಹೆಸರು, ಮೊತ್ತ, ಕಚೇರಿ ಎಲ್ಲವೂ ಬಾಯಿಪಾಠ. ವರ್ಷಾನುಗಟ್ಟಲೆ ಬಾಗಿಲು ತಟ್ಟಿದವರಿಗೆ ಸಿಕ್ಕ ಉತ್ತರ ಮಾತ್ರ ಸಮೀಕ್ಷೆಯಲ್ಲಿ ಹೆಸರಿಲ್ಲ ಎಂಬುದೊಂದೇ. ಅವರಿಗೆ ಯಾವ ಅರಿವು ಶಿಬಿರ ಏನನ್ನು ಹೇಳಿಕೊಡಬಲ್ಲದು?

ಅರಿವುವಾದವು ನಿಜವಾಗಿ ಮುರಿದುಬೀಳುವುದು ಒಂದು ಅರ್ಜಿಯನ್ನು ಹತ್ತಿರದಿಂದ ನೋಡಿದಾಗ. ವಿಧವಾ ವೇತನದ ಅರ್ಜಿಯನ್ನೇ ತೆಗೆದುಕೊಳ್ಳಬಹುದು. ಗಂಡ ಸತ್ತ ಹೆಣ್ಣುಮಗಳು ಹೋಬಳಿ ಮಟ್ಟದ ಕಂದಾಯ ಕಚೇರಿಯಾದ ನಾಡಕಚೇರಿಗೆ ಹೋಗಬೇಕು. ಗಂಡನ ಮರಣ ಪ್ರಮಾಣಪತ್ರ, ತನ್ನ ಆದಾಯ ಪ್ರಮಾಣಪತ್ರ, ವಾಸಸ್ಥಳದ ದಾಖಲೆ, ಪಡಿತರ ಚೀಟಿ, ಆಧಾರ್, ಬ್ಯಾಂಕಿನ ಪಾಸ್‌ಪುಸ್ತಕ ಇವುಗಳ ಜೆರಾಕ್ಸ್ ಪ್ರತಿ ಒಯ್ಯಬೇಕು. ಈ ಕಾಗದಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಇದನ್ನು ಕೊಟ್ಟವರು ಯಾರು ಎಂದು ಕೇಳಿದರೆ ವಿಷಯ ಬಯಲಾಗುತ್ತದೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂದು 1969ರ ಜನನ ಮರಣ ನೋಂದಣಿ ಅಧಿನಿಯಮದ ಅಡಿಯ ನಿಯಮಗಳು ಹೇಳುತ್ತವೆ. ನೋಂದಾಯಿಸುವವರು ಸರ್ಕಾರದ ಸಿಬ್ಬಂದಿ, ಪ್ರಮಾಣಪತ್ರ ಕೊಡುವುದೂ ಸರ್ಕಾರ. ಸತ್ತವನ ಹೆಸರಿನ ಪಕ್ಕದಲ್ಲೇ ಹೆಂಡತಿಯ ಹೆಸರಿರುವ ಪಡಿತರ ಚೀಟಿ ಆಹಾರ ಇಲಾಖೆಯದು. ಆದಾಯ ಪ್ರಮಾಣಪತ್ರ ಅದೇ ನಾಡಕಚೇರಿಯದು. ಒಟ್ಟಿನಲ್ಲಿ ಆ ಹೆಣ್ಣುಮಗಳು ವಿಧವೆಯಾದಳು, ಬಡವಳು, ಇಂಥ ಊರಿನಲ್ಲಿ ಇದ್ದಾಳೆ ಎಂಬ ಮೂರೂ ಸಂಗತಿಗಳು ಅವಳು ಮನೆಯಿಂದ ಹೊರಡುವ ಮೊದಲೇ ಸರ್ಕಾರದ ಬಳಿ ಬರಹದಲ್ಲಿವೆ. ಒಂದು ಇಲಾಖೆಯ ಕಾಗದವನ್ನು ಇನ್ನೊಂದು ಇಲಾಖೆಗೆ ಹೊತ್ತು ಮುಟ್ಟಿಸುವ ಕೆಲಸಕ್ಕೆ, ಸೂತಕ ಕಳೆದ ಮನೆಯಿಂದ ಅವಳನ್ನು ಕೂಲಿ ಬಿಡಿಸಿ, ಜೆರಾಕ್ಸಿನ ಹಣ ಅವಳಿಂದಲೇ ಹಾಕಿಸಿ, ನಡೆಸಲಾಗುತ್ತಿದೆ. ಇಲ್ಲಿ ತಿಳಿಯದವರು ಯಾರು, ತಿಳಿದೂ ಸುಮ್ಮನಿರುವವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅರ್ಜಿ ಮಂಜೂರಾದರೂ ದಾರಿ ಮುಗಿಯುವುದಿಲ್ಲ. ಹಿಂದೆ ಮಾಸಾಶನ ಮನಿಯಾರ್ಡರಿನಲ್ಲಿ ಬರುತ್ತಿದ್ದಾಗ ಅಂಚೆಯವನು ಮನೆಯ ಜಗಲಿಗೇ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುತ್ತಿದ್ದ. ಅವನು ಕೈಗಿಷ್ಟು ಇಟ್ಟುಕೊಳ್ಳುತ್ತಿದ್ದನೆಂಬ ದೂರುಗಳು ಇದ್ದವು, ಮತ್ತು ಅವುಗಳಲ್ಲಿ ಹುರುಳಿಲ್ಲದಿರಲಿಲ್ಲ. ಈಗ ಹಣ ನೇರ ನಗದು ವರ್ಗಾವಣೆಯ ಮೂಲಕ ಖಾತೆಗೆ ಬೀಳುತ್ತದೆ. ಅದಕ್ಕೆ ಖಾತೆಯೊಂದಿಗೆ ಆಧಾರ್ ಜೋಡಣೆಯಾಗಿರಬೇಕು. ಆ ಜೋಡಣೆಯ ಮೇಲೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಸಂಖ್ಯೆಗೆ ಬಂದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಗುರುತಿಸುವ ಕ್ರಮ, ಸರಿಯಾಗಿರಬೇಕು. ಹೆಸರಿನ ಒಂದಕ್ಷರ ಪಡಿತರ ಚೀಟಿಯಲ್ಲೊಂದು ಬಗೆ, ಆಧಾರಿನಲ್ಲೊಂದು ಬಗೆ ಇರಕೂಡದು. ಅಡಿಕೆ ಸುಲಿದು, ಬೀಡಿ ಸುತ್ತಿ, ಗೇರುಬೀಜದ ಎಣ್ಣೆ ತಾಗಿ ಗೆರೆ ಮಾಸಿದ ಹೆಬ್ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಎರಡನೆಯ ಬಾರಿ, ಮೂರನೆಯ ಬಾರಿ ಒತ್ತಿಸಿ, ಒರೆಸಿ, ಮತ್ತೆ ಒತ್ತಿಸಿ, ಥಂಬ್ ಬರ್ತಿಲ್ಲ, ನಾಳೆ ಬನ್ನಿ ಎನ್ನಲಾಗುತ್ತದೆ. ಐವತ್ತು ವರ್ಷ ದುಡಿದ ಗುರುತೇ ದುಡಿಯಲಾಗದ ಕಾಲದ ಅನ್ನಕ್ಕೆ ಅಡ್ಡ ಬರುವ ಈ ಸ್ಥಿತಿಗೆ ಅರಿವಿನ ಕೊರತೆಯೆಂದು ಹೆಸರಿಡುವುದು ಕ್ರೌರ್ಯ.

ಇದಕ್ಕೆಲ್ಲ ಕಾನೂನಿನ ಖಾತರಿಯಿದೆ ಎಂದು ಸಕಾಲದ ಕಡೆಗೆ ಕೈತೋರಲಾಗುತ್ತದೆ. 2011ರಲ್ಲಿ ರೂಪುಗೊಂಡು 2012ರ ಏಪ್ರಿಲಿನಿಂದ ರಾಜ್ಯದಾದ್ಯಂತ ಜಾರಿಯಾದ ಈ ಅಧಿನಿಯಮ, ಗೊತ್ತುಪಡಿಸಿದ ದಿನಗಳೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕು ಕೊಟ್ಟಿತು. ಅದು ಒಳ್ಳೆಯ ಕಾನೂನು, ಅದರಿಂದ ಲಕ್ಷಾಂತರ ಜನರ ಕೆಲಸ ಬೇಗ ಆಗಿದೆ. ಆದರೆ ಅದರ ಗಡಿಯಾರ ಓಡತೊಡಗುವುದು ಅರ್ಜಿ ಸ್ವೀಕಾರವಾಗಿ ಸಕಾಲ ಸಂಖ್ಯೆ ಹುಟ್ಟಿದ ಮೇಲೆ. ಒಂದು ಕಾಗದ ಕಡಿಮೆಯಿದೆ, ಸರ್ವರ್ ಇಲ್ಲ, ಸಾಹೇಬರಿಲ್ಲ ಎಂದು ಕಿಟಕಿಯಲ್ಲೇ ಬಾಯಿಮಾತಿನಲ್ಲಿ ಹಿಂದೆ ಕಳಿಸಿದವರಿಗೆ ಸಂಖ್ಯೆಯೇ ಇರುವುದಿಲ್ಲ, ಆದ್ದರಿಂದ ವಿಳಂಬವೂ ಇರುವುದಿಲ್ಲ, ತಿರಸ್ಕಾರವೂ ಇರುವುದಿಲ್ಲ. ಇಂಥವರು ಯಾವ ಅಂಕಿಅಂಶದಲ್ಲಿಯೂ ಕಾಣಿಸಿಕೊಳ್ಳದೆ ಇರುವುದರಿಂದಲೇ ಅವರನ್ನು ಬಾರದವರೆಂದು, ಅರಿಯದವರೆಂದು ಬಗೆಯುವುದು ಸುಲಭವಾಗಿದೆ. ಬಂದು ಹಿಂದಿರುಗಿದವರ ಲೆಕ್ಕ ಇಡದ ಕಚೇರಿಗೆ ಜನ ಬರುವುದಿಲ್ಲ ಎಂದು ಹೇಳುವ ಅಧಿಕಾರವಿಲ್ಲ.

ಅರಿವುವಾದದ ಅತ್ಯಂತ ದೊಡ್ಡ ಸುಳ್ಳು ಬಯಲಾಗುವುದು ಕೊಡುವ ಕೈಯನ್ನೂ ಕಿತ್ತುಕೊಳ್ಳುವ ಕೈಯನ್ನೂ ಹೋಲಿಸಿದಾಗ. ರಾಜ್ಯದಲ್ಲಿ ಕುಟುಂಬ ಎಂಬ ಹೆಸರಿನ ದತ್ತಾಂಶ ವ್ಯವಸ್ಥೆಯಿದೆ. ಪಡಿತರ ಚೀಟಿ, ಜಾತಿ, ಆದಾಯ, ಪಿಂಚಣಿ ಮೊದಲಾದ ಬೇರೆಬೇರೆ ಇಲಾಖೆಗಳ ದಾಖಲೆಗಳನ್ನು ಮನೆವಾರು ಜೋಡಿಸುವುದು ಅದರ ಕೆಲಸ. ಇಂಥ ಜೋಡಣೆಯ ಶಕ್ತಿ ಎಷ್ಟೆಂಬುದು 2024ರ ನವೆಂಬರಿನಲ್ಲಿ ಸ್ಪಷ್ಟವಾಗಿ ಕಂಡಿತು. ದಾಖಲೆಗಳನ್ನು ತಾಳೆ ಹಾಕಿ ಅನರ್ಹರೆಂದು ಗುರುತಿಸಿದವರ ಬಿಪಿಎಲ್ ಚೀಟಿಗಳು ರದ್ದಾದವು ಇಲ್ಲವೆ ಎಪಿಎಲ್‌ಗೆ ಬದಲಾದವು. ಪಡಿತರ ಅಂಗಡಿಗೆ ಹೋದ ಮೇಲೆ ಅನೇಕರಿಗೆ ಅದು ತಿಳಿಯಿತು. ಕೂಗೆದ್ದ ಬಳಿಕ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಚೀಟಿ ಮರಳಿಸಬೇಕೆಂದು ಸರ್ಕಾರವೇ ಸೂಚಿಸಬೇಕಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿ ತಪ್ಪಾಯಿತೆಂಬುದಕ್ಕಿಂತ ದೊಡ್ಡದು. ಚೀಟಿ ರದ್ದುಮಾಡಲು ಯಾರೂ ಅರ್ಜಿ ಹಾಕಿರಲಿಲ್ಲ, ಯಾರೂ ಜೆರಾಕ್ಸ್ ತಂದಿರಲಿಲ್ಲ, ಯಾರಲ್ಲಿಯೂ ಅರಿವು ಮೂಡಿಸಬೇಕಾಗಿರಲಿಲ್ಲ. ತೆಗೆಯುವಾಗ ತಾನಾಗಿ ಹುಡುಕಿಕೊಂಡು ಹೋಗಬಲ್ಲ ಆಡಳಿತ, ಕೊಡುವಾಗ ಮಾತ್ರ ಕುರ್ಚಿಯಲ್ಲಿ ಕುಳಿತು ಕಾಯುತ್ತದೆ.

ಮನಸ್ಸು ಮಾಡಿದರೆ ಕೊಡುವಾಗಲೂ ಹುಡುಕಿ ಹೋಗಬಹುದೆಂಬುದಕ್ಕೆ ನಿದರ್ಶನಕ್ಕಾಗಿ ದೂರ ಹೋಗಬೇಕಿಲ್ಲ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆಯ ನೋಂದಣಿ 2023ರ ಜುಲೈನಲ್ಲಿ ಶುರುವಾಗಿ, ಕೆಲವೇ ತಿಂಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಹಿಳೆಯರು ಅದರೊಳಗೆ ಬಂದರು. ಆ ಮಹಿಳೆಯರು ದಿಢೀರನೆ ಅರಿವುಳ್ಳವರಾದದ್ದಲ್ಲ. ಆದಾಯ ಪ್ರಮಾಣಪತ್ರ ಕೇಳಲಿಲ್ಲ; ಪಡಿತರ ಚೀಟಿಯಲ್ಲಿದ್ದ ಯಜಮಾನಿಯ ಹೆಸರನ್ನೇ ಆಧಾರವಾಗಿ ಹಿಡಿಯಲಾಯಿತು; ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮೂಲಕ ಊರಿನೊಳಗೇ ನೋಂದಣಿ ನಡೆಯಿತು; ಹಣ ಸಿಗದವರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಶಿಬಿರ ಏರ್ಪಡಿಸಲಾಯಿತು. ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ರಾಜಕೀಯ ಇಚ್ಛೆಯಿದ್ದ ಕಡೆ ಷರತ್ತು ಸಡಿಲವಾಗಿ ದಾರಿ ಹತ್ತಿರವಾಯಿತು ಎಂಬುದಷ್ಟೇ ಇಲ್ಲಿ ಮುಖ್ಯ. ಇದಕ್ಕೂ ಮೊದಲು, ಬಿಪಿಎಲ್ ದತ್ತಾಂಶದಿಂದ 60 ವರ್ಷ ತುಂಬಿದವರನ್ನು ಕಂದಾಯ ಇಲಾಖೆಯೇ ಗುರುತಿಸಿ ಮನೆ ಬಾಗಿಲಿಗೆ ಮಾಸಾಶನದ ಆದೇಶ ಒಯ್ಯುವ ಅಭಿಯಾನ 2021ರಲ್ಲಿ ನಡೆದಿತ್ತು. 2022ರಲ್ಲಿ 155245 ಸಂಖ್ಯೆಗೆ ಕರೆ ಮಾಡಿದರೆ 72 ಗಂಟೆಗಳಲ್ಲಿ ಮಾಸಾಶನ ಮಂಜೂರು ಮಾಡುವ ವ್ಯವಸ್ಥೆ ಬಂತು. ಇವು ಅಭಿಯಾನಗಳಾಗಿ ಬಂದವು. ಆಡಳಿತದ ನಿತ್ಯದ ಸ್ವಭಾವವಾಗಿ ಉಳಿಯಲಿಲ್ಲ ಎಂಬುದು ಕೊರಗು.

ಜಾಲತಾಣ, ಸಹಾಯವಾಣಿಗಳ ಮೇಲಿನ ನಂಬಿಕೆಯನ್ನೂ ಇಲ್ಲಿಯೇ ಪರಿಶೀಲಿಸಬೇಕು. ವೃದ್ಧರಿಗೆ 14567, ಮಕ್ಕಳಿಗೆ 1098, ಮಹಿಳೆಯರಿಗೆ 181 ಇರುವುದು ಸರಿಯೇ. ಹೊಡೆತ ತಿನ್ನುತ್ತಿರುವ ಹೆಂಗಸಿಗೆ, ಬೀದಿಗೆ ಬಿದ್ದ ಮಗುವಿಗೆ ಆ ಒಂದು ಸಂಖ್ಯೆ ಜೀವ ಉಳಿಸೀತು. ಆದರೆ ಅರ್ಜಿಗಳ ಲೋಕದಲ್ಲಿ ಫೋನು ಬೇರೆಯೇ ಪಾತ್ರ ವಹಿಸುತ್ತದೆ. ಸೇವಾ ಸಿಂಧು ಜಾಲತಾಣದೊಳಗೆ ಹೋಗಲು ಒಟಿಪಿ, ಅಂದರೆ ಒಮ್ಮೆ ಮಾತ್ರ ಬಳಸಬಹುದಾದ ಗುಟ್ಟಿನ ಅಂಕಿ, ಬೇಕು. ಆ ಅಂಕಿ ಬರುವುದು ಬೆಂಗಳೂರಿನಲ್ಲಿರುವ ಮಗನ ಫೋನಿಗೋ, ಎಂದೋ ಕಳೆದುಹೋದ ಸಿಮ್ಮಿಗೋ, ಸೈಬರ್ ಅಂಗಡಿಯ ಹುಡುಗನ ಸಂಖ್ಯೆಗೋ. ಕೊನೆಗೆ ಅರ್ಜಿದಾರರು ಮಧ್ಯವರ್ತಿಯ ಬಳಿ ಹೋಗುತ್ತಾರೆ. ಅರಿವುವಾದ ಮಧ್ಯವರ್ತಿಯನ್ನು ಬಾಯಿತುಂಬ ಬೈಯುತ್ತದೆ, ಅವನು ಬೆಳೆದ ಹೊಲ ಯಾರದೆಂದು ಕೇಳುವುದಿಲ್ಲ. ಹತ್ತು ಕಾಗದ ಬೇಕೆನ್ನುವ ನಿಯಮವೇ ಅವನ ಹೊಲ. ಕಾಗದ ಎರಡಕ್ಕೆ ಇಳಿದ ದಿನ ಅವನಿಗೆ ಫಸಲಿಲ್ಲ.

ಇದರರ್ಥ ನಡುವೆ ಮನುಷ್ಯರೇ ಬೇಡವೆಂದಲ್ಲ. ಬೇಕಾದವರು ಜೊತೆಯಲ್ಲಿ ನಡೆಯುವವರು, ಮತ್ತು ಅಂಥವರು ಈಗಾಗಲೇ ಹಳ್ಳಿಗಳಲ್ಲಿದ್ದಾರೆ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನರ ಬಾಯಲ್ಲಿ ವಿ.ಆರ್.ಡಬ್ಲ್ಯು., ಬಹುಪಾಲು ತಾವೇ ವಿಕಲಚೇತನರು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ತನ್ನ ಊರಿನ ಮಗುವಿನದು ಯಾವುದೆಂದು ತಿಳಿದು, ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಚೀಟಿಗಾಗಿ ಆಸ್ಪತ್ರೆಯ ತಪಾಸಣೆಯ ದಿನವೇ ಆ ಮಗುವನ್ನು ಕರೆದೊಯ್ದು, ಪಂಚಾಯಿತಿ ನಿಧಿಯ ಶೇ 5ರ ಮೀಸಲು ಹಣ ಎಲ್ಲಿ ಹೋಯಿತೆಂದು ಸಭೆಯಲ್ಲಿ ಕೇಳುವವರು ಅವರು. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವ ಹೆಣ್ಣುಮಗಳು, ಇವರೆಲ್ಲ ಅಧಿಕೃತ ಕೆಲಸದ ಜೊತೆಗೆ ಊರಿನ ಅರ್ಜಿಗಳ ಭಾರವನ್ನೂ ಹೊರುತ್ತಾರೆ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಜೊತೆಗೆ ಹೋಗುವ ದಿನಕ್ಕೆ ದಾರಿಖರ್ಚೂ ಸಿಗುವುದಿಲ್ಲ. ಅರಿವು ಶಿಬಿರದ ಶಾಮಿಯಾನಕ್ಕೆ, ಫ್ಲೆಕ್ಸಿಗೆ, ಊಟದ ಪೊಟ್ಟಣಕ್ಕೆ ಆಗುವ ವೆಚ್ಚವನ್ನು ಈ ಜೊತೆನಡಿಗೆಗೆ ಕೊಟ್ಟರೆ ಎಷ್ಟು ಮನೆಗಳ ಅನ್ನ ನೆಟ್ಟಗಾದೀತು ಎಂಬ ಯೋಚನೆ ಆಡಳಿತದವರಿಗೆ ಬರಬೇಕಾಗಿದೆ.

ಸಮುದಾಯವೇ ನೋಡಿಕೊಳ್ಳಲಿ ಎಂಬ ಇನ್ನೊಂದು ಮಾತು ಅರಿವುವಾದದ ನೆರಳಿನಲ್ಲೇ ಬೆಳೆದಿದೆ. ಮಠಗಳ ದಾಸೋಹ, ಮಸೀದಿಗಳ ಝಕಾತ್, ಚರ್ಚುಗಳ ಆಸ್ಪತ್ರೆ, ಊರ ಸಂಘಗಳ ಸಹಾಯ ಈ ನಾಡಿನಲ್ಲಿ ಅಸಂಖ್ಯ ಜನರನ್ನು ಉಳಿಸಿವೆ. ಅನ್ನ ಹಾಕುವಾಗ ಆಧಾರ್ ಕೇಳದ ಆ ಔದಾರ್ಯ ದೊಡ್ಡದು. ಆದರೂ ಸಮುದಾಯಕ್ಕೆ ಬೇಲಿಯಿದೆ. ಜಾತಿ ಮೀರಿ ಮದುವೆಯಾಗಿ ಊರು ಬಿಟ್ಟವಳು, ಕೇರಿಯ ಆಚೆಗಿನ ಗುಡಿಸಲಿನವನು, ಮನೆಯಿಂದ ಹೊರಹಾಕಲ್ಪಟ್ಟ ಲಿಂಗತ್ವ ಅಲ್ಪಸಂಖ್ಯಾತರು ಆ ಬೇಲಿಯ ಹೊರಗೇ ಇರುತ್ತಾರೆ. ಅವರ ಪಾಲಿಗೆ ಸರ್ಕಾರದ ಬಾಗಿಲೊಂದೇ ಬಾಗಿಲು.

ಅರ್ಜಿಯಿಲ್ಲದೆ ಕೊಟ್ಟರೆ ಅನರ್ಹರು ನುಗ್ಗುತ್ತಾರೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಈಗಿನ ಕ್ರಮ ಅನರ್ಹರನ್ನು ತಡೆದಿದೆಯೇ ಎಂದು ನೋಡಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ವಾರಕ್ಕೊಬ್ಬ ಮೇಸ್ತ್ರಿಯ ಕೆಳಗೆ ಮಣ್ಣು ಹೊರುವ ಹೆಂಗಸಿಗೆ ಅದನ್ನು ಬರೆದುಕೊಡುವ ಧಣಿ ಸಿಗುವುದಿಲ್ಲ. ಜೀವಮಾನದಲ್ಲಿ ಕರಣೆ ಹಿಡಿಯದವನು ಅದನ್ನು ಹಣ ಕೊಟ್ಟು ತರುತ್ತಾನೆ. ಕಾಗದದ ಜರಡಿ ಬಡವರನ್ನು ಸೋಸಿ ಹಾಕಿ, ಚತುರರನ್ನು ಒಳಗೆ ಬಿಡುತ್ತದೆ. ದತ್ತಾಂಶ ಜೋಡಣೆಯಿಂದ ಖಾಸಗಿತನಕ್ಕೆ ಅಪಾಯವೆಂಬ ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಆಧಾರ್ ವಿರುದ್ಧದ ಮೊಕದ್ದಮೆಗೆ ಹೆಸರು ಕೊಟ್ಟ ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳೇ ಆಗಿದ್ದರು ಎಂಬುದು ಕನ್ನಡಿಗರಿಗೆ ನೆನಪಿರಬೇಕು. ಆದರೆ ದತ್ತಾಂಶ ಈಗಾಗಲೇ ಜೋಡಣೆಯಾಗಿದೆ. ಅಪಾಯವನ್ನೆಲ್ಲ ಬಡವರು ಹೊತ್ತು, ಪ್ರಯೋಜನ ಮಾತ್ರ ಅವರಿಗೆ ಸಿಗದಿರುವ ಇಂದಿನ ಸ್ಥಿತಿಯನ್ನು ಯಾವ ಖಾಸಗಿತನದ ಸಿದ್ಧಾಂತವೂ ಸಮರ್ಥಿಸಲಾರದು. ದತ್ತಾಂಶದ ಆಧಾರದ ಮೇಲೆ ಸೇರಿಸಬಹುದು, ಮನೆಗೆ ಹೋಗಿ ವಿಚಾರಿಸದೆ ತೆಗೆಯಕೂಡದು ಎಂಬ ನಿಯಮ ಎರಡೂ ಆತಂಕಗಳಿಗೆ ಉತ್ತರವಾದೀತು.

ಯಾವ ಪಟ್ಟಿಯಲ್ಲಿಯೂ ಇಲ್ಲದವರ ವಿಷಯದಲ್ಲಿ ದತ್ತಾಂಶವೂ ಕೈಚೆಲ್ಲುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ನೀಲಿ ಟಾರ್ಪಾಲಿನ ಶೆಡ್ಡುಗಳಲ್ಲಿರುವ ರಾಯಚೂರು, ಯಾದಗಿರಿ, ಕಲಬುರಗಿಯ ಕುಟುಂಬಗಳ ಪಡಿತರ ಚೀಟಿ ಊರಿನಲ್ಲಿ, ಮಕ್ಕಳು ಇಲ್ಲಿ, ಮತ ಅಲ್ಲಿ. ಎರಡೂ ಕಡೆಯ ಪಂಚಾಯಿತಿ, ಪಾಲಿಕೆಗಳಿಗೆ ಅವರು ಪರರು. ಅವರ ಬಳಿಗೆ ಕಾಲಿನ ಮೇಲೆ ನಡೆದೇ ಹೋಗಬೇಕು. ಕೇರಳ ಹಾಗೆ ಹೋಯಿತು. 2021ರಲ್ಲಿ ಅತಿ ಬಡತನ ನಿರ್ಮೂಲನೆಯ ಕಾರ್ಯಕ್ರಮ ಕೈಗೊಂಡ ಆ ರಾಜ್ಯ, ಸ್ಥಳೀಯ ಸಂಸ್ಥೆಗಳ ಮೂಲಕ 64,006 ಕುಟುಂಬಗಳನ್ನು ಗುರುತಿಸಿತು. ಗುರುತಿನ ಚೀಟಿ, ಪಡಿತರ ಚೀಟಿ ಇಲ್ಲದವರಿಗೆ ಮೊದಲು ಅವನ್ನು ಮಾಡಿಸಿಕೊಟ್ಟು, ಪ್ರತಿ ಕುಟುಂಬಕ್ಕೂ ಬೇರೆಬೇರೆ ಯೋಜನೆ ಹಾಕಿಕೊಂಡಿತು. 2025ರ ನವೆಂಬರಿನಲ್ಲಿ ಅತಿ ಬಡತನ ಮುಗಿಯಿತೆಂದು ಅದು ಮಾಡಿದ ಘೋಷಣೆಗೆ ತಕರಾರುಗಳಿವೆ, ಅವುಗಳನ್ನು ಕೇಳಲೇಬೇಕು. ಆದರೆ ದಾಖಲೆ ಇಲ್ಲದಿರುವುದನ್ನು ಅನರ್ಹತೆಯೆಂದು ತಿಳಿಯದೆ ನೆರವಿನ ಮೊದಲ ಕೆಲಸವೆಂದು ತಿಳಿದ ಆ ಕ್ರಮದಲ್ಲಿ ಹುಡುಕುವ ಹೊಣೆ ಇರಬೇಕಾದ ಜಾಗದಲ್ಲಿತ್ತು.

ಕರ್ನಾಟಕದಲ್ಲಿ ಇದನ್ನು ಆರಂಭಿಸಲು ಹೊಸ ಕಾನೂನಾಗಲಿ ಹೊಸ ಇಲಾಖೆಯಾಗಲಿ ಬೇಕಿಲ್ಲ. ಮರಣ ನೋಂದಣಿಯ ಪುಸ್ತಕದಲ್ಲಿ ಒಬ್ಬ ವಿವಾಹಿತ ಗಂಡಸಿನ ಹೆಸರು ಬರೆದ ದಿನವೇ, ಅವನ ಮನೆಯ ಪಡಿತರ ಚೀಟಿ ಬಿಪಿಎಲ್ ಆಗಿದ್ದರೆ, ಹೆಂಡತಿಯ ಹೆಸರಿನಲ್ಲಿ ವಿಧವಾ ವೇತನದ ಕಡತ ತಾನಾಗಿ ತೆರೆದುಕೊಳ್ಳಬೇಕು. ಊರಿನ ಗ್ರಾಮ ಆಡಳಿತ ಅಧಿಕಾರಿ ಮನೆಗೆ ಹೋಗಿ ವಿಚಾರಿಸಿ ಬ್ಯಾಂಕ್ ಖಾತೆಯನ್ನು ಅಲ್ಲಿಯೇ ತಾಳೆ ನೋಡಬೇಕು. ಗಂಡನ ಮರಣ ಪ್ರಮಾಣಪತ್ರ ಅವಳ ಕೈಗೆ ಬರುವಾಗ ಅದರ ಜೊತೆಯಲ್ಲೇ ವೇತನದ ಆದೇಶಪತ್ರವೂ ಬರಬೇಕು.